ಸೋನುನ್ ದೂರ ಸರಿಸಿದ ಅಕ್ಷರಗಳು

ಆ ವರ್ಷ ಮಾರ್ಚ್ ತಿಂಗಳ ಒಂದು ಶುಕ್ರವಾರ ನಾರಿನ್ ಪಟ್ಟಣದ ವಾರಪತ್ರಿಕೆಯಲ್ಲಿ ಬೆಟ್ಟವೊಂದು ಒಂಟೆಯಾಗಿಬಿಟ್ಟಿತು. 'ಬೆಟ್ಟದ ಮೇಲಕ್ಕೆ ಹೊಸ ರಸ್ತೆ' ಎಂದಿರಬೇಕಾದ ತಲೆಬರಹ 'ಒಂಟೆಯ ಮೇಲಕ್ಕೆ ಹೊಸ ರಸ್ತೆ' ಎಂದು ಅಚ್ಚಾಗಿ ಊರೆಲ್ಲ ಹಂಚಿಹೋಯಿತು. ಕಿರ್ಗಿಜ್ ಬರಹದಲ್ಲಿ ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ಬಹಳ ಸಣ್ಣದು. ಅಕ್ಕಪಕ್ಕದ ಎರಡು ದುಂಡನೆಯ ಅಕ್ಷರಗಳ ಹೊಟ್ಟೆಯಲ್ಲಿ ಅಡ್ಡಗೆರೆ ಇದ್ದರೆ ಒಂಟೆ, ಇಲ್ಲದಿದ್ದರೆ ಬೆಟ್ಟ.

ಪುಟ ಕಟ್ಟುವವಳೂ ಕರಡು ತಿದ್ದುವವಳೂ ಒಬ್ಬಳೇ, ಸೋನುನ್. ವಯಸ್ಸು ಐವತ್ತನಾಲ್ಕು. ಹತ್ತೊಂಬತ್ತನೆಯ ವಯಸ್ಸಿಗೆ ಸೀಸದ ಅಚ್ಚುಮೊಳೆಗಳನ್ನು ಜೋಡಿಸುವ ಕೆಲಸಕ್ಕೆ ಸೇರಿದವಳು, ಮೊಳೆಗಳು ಹೋಗಿ ಕಂಪ್ಯೂಟರ್ ಬಂದ ಮೇಲೂ ಅದೇ ಕಟ್ಟಡದಲ್ಲಿ, ಅದೇ ಕಿಟಕಿಯ ಪಕ್ಕದಲ್ಲಿ ಉಳಿದಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಆಚೆ ಹೋಗುವುದಿಲ್ಲ ಎಂದು ಹೆಸರಾಗಿತ್ತು.

ಸಂಪಾದಕ ಎಸೆನ್‌ಗುಲ್ ಪತ್ರಿಕೆಯನ್ನು ಅವಳ ಮೇಜಿನ ಮೇಲೆ ಹರಡಿ ನಿಂತ. "ಏನಮ್ಮಾ ಸೋನುನ್, ಒಂಟೆಗೆ ರಸ್ತೆ ಹಾಕಿಸಿದ್ದೀಯಲ್ಲ. ಡಾಂಬರು ಯಾವ ಗೂನಿಂದ ಶುರು ಮಾಡ್ತಾರಂತೆ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಸೋನುನ್ ಕೂಡ ನಕ್ಕಳು. "ತಪ್ಪಾಯ್ತು ಬೈಕೆ, ತಲೆನೋವಿತ್ತು" ಎಂದಳು. ಅವನು ದೊಡ್ಡವನಾದ್ದರಿಂದ ಅಣ್ಣ ಎನ್ನುವ ಆ ಮಾತಿನಿಂದಲೇ ಮೂವತ್ತು ವರ್ಷ ಕರೆದಿದ್ದಳು, ಅವನ ಮುಂದೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಅಂದು ಹೇಳಿದಳು.

ನಿಜವೇನೆಂದರೆ, ಆ ತಲೆಬರಹದಲ್ಲಿ ಅವಳಿಗೆ ಬೆಟ್ಟವೂ ಕಂಡಿರಲಿಲ್ಲ, ಒಂಟೆಯೂ ಕಂಡಿರಲಿಲ್ಲ. ಒಂದೂವರೆ ವರ್ಷದಿಂದ ಅವಳು ಯಾವುದನ್ನು ನೇರವಾಗಿ ನೋಡುತ್ತಾಳೋ ಅದೇ ಕಾಣದಾಗುತ್ತಿತ್ತು. ಎದುರಿಗೆ ಕೂತವರ ಕಿವಿ ಕಾಣುತ್ತಿತ್ತು, ಮುಖದ ಜಾಗದಲ್ಲಿ ಬೂದಿ ಎರಚಿದ ಹಾಗೆ. ಆಸ್ಪತ್ರೆಯ ಕಣ್ಣಿನ ಡಾಕ್ಟರು ಕನ್ನಡಕ ಬರೆದುಕೊಡಲಿಲ್ಲ. "ನಿಮ್ಮ ತಾಯಿಗೂ ಹೀಗೇ ಇತ್ತಾ?" ಎಂದು ಕೇಳಿದರು. ಇತ್ತು. "ನಡುವಿನ ನೋಟ ಹೋಗತ್ತೆ, ಅಂಚಿನ ನೋಟ ಉಳಿಯತ್ತೆ. ಪೂರ್ತಿ ಕತ್ತಲಾಗಲ್ಲ. ಆದ್ರೆ ಓದೋ ಕೆಲಸ ಬಿಟ್ಟು ಬೇರೆ ಏನಾದ್ರೂ ನೋಡ್ಕೊಳ್ಳಿ" ಎಂದರು.

ಓದುವುದು ಬಿಟ್ಟು ಅವಳಿಗೆ ಬೇರೆ ಯಾವ ಕೆಲಸವೂ ಗೊತ್ತಿರಲಿಲ್ಲ. ಡಾಕ್ಟರ ಮಾತನ್ನು ಗಂಡ ಕುಬಾತ್‌ಗೆ ಮಾತ್ರ ಹೇಳಿದಳು. "ಆಫೀಸಲ್ಲಿ ಯಾರಿಗಾದ್ರೂ ಬಾಯಿಬಿಟ್ರೆ ನೋಡು" ಎಂದು ಗದರಿಸಿದಳು. ಪರದೆಯ ಮೇಲೆ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು, ಕೋಳಿ ಕಾಳು ನೋಡುವ ಹಾಗೆ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ಓದಲು ಕಲಿತಳು. ಆದರೆ ಅಂಚಿನ ನೋಟಕ್ಕೆ ಅಕ್ಷರಗಳು ಎಷ್ಟು ದೊಡ್ಡದಿದ್ದರೂ ಸಾಲದು. ಒಂದರ ಮೇಲೊಂದು ಬಿದ್ದು, ಬಾಗಿಲಲ್ಲಿ ನುಗ್ಗುವ ಕುರಿಗಳ ಹಾಗೆ ಒಂದೇ ಮುದ್ದೆಯಾಗಿ ಕಾಣುತ್ತಿದ್ದವು.

ದಾರಿ ಕಂಡದ್ದು ಅಕಸ್ಮಾತ್ತಾಗಿ. ಏಪ್ರಿಲ್‌ನಲ್ಲಿ ಯಾರೋ ಒಂದು ಮದುವೆಯ ಶುಭಾಶಯವನ್ನು ಅಕ್ಷರ ಅಕ್ಷರ ಬಿಡಿಸಿ ಟೈಪ್ ಮಾಡಿ ಕಳಿಸಿದ್ದರು. ಸೋನುನ್ ಅದನ್ನು ಪಟಪಟನೆ ಓದಿಬಿಟ್ಟಳು. ಮತ್ತೆ ಮೊದಲಿಂದ ಓದಿದಳು. ಹಾಗಾದರೆ ಬೇಕಾದದ್ದು ದೊಡ್ಡ ಅಕ್ಷರವಲ್ಲ, ಅಕ್ಷರ ಅಕ್ಷರದ ನಡುವೆ ಜಾಗ.

ಎಲ್ಲ ಅಕ್ಷರಗಳನ್ನೂ ಒಂದೇ ಸಮನೆ ದೂರ ತಳ್ಳಲು ಪುಟ ಕಟ್ಟುವ ಪ್ರೋಗ್ರಾಮಿನಲ್ಲೇ ಒಂದು ಗುಂಡಿ ಇತ್ತು. ಒತ್ತಿ ನೋಡಿದಳು. ಅರ್ಧ ಸರಿಹೋಯಿತು, ಅರ್ಧ ಇನ್ನೂ ಕೆಟ್ಟಿತು. ಪತ್ರಿಕೆಯ ಫಾಂಟ್ ಮೂಲದಲ್ಲಿ ರಷ್ಯನ್ ಭಾಷೆಗಾಗಿ ಮಾಡಿದ್ದು. ಕಿರ್ಗಿಜ್‌ಗೆ ಬೇಕಾದ ಮೂರು ಹೆಚ್ಚಿನ ಅಕ್ಷರಗಳನ್ನು ಇಪ್ಪತ್ತು ವರ್ಷದ ಹಿಂದೆ ಯಾರೋ ಅವಸರದಲ್ಲಿ ಸೇರಿಸಿದ್ದರು. ಅಡ್ಡಗೆರೆಯ ದುಂಡಕ್ಷರ ಪಕ್ಕದ್ದಕ್ಕೆ ಅಂಟಿಕೊಳ್ಳುತ್ತಿತ್ತು. ಬಾಲವಿರುವ ಅಕ್ಷರದ ಬಲಗಡೆ ಹಳ್ಳದಷ್ಟು ಜಾಗ ಬಿದ್ದು ಮಾತು ಎರಡಾಗುತ್ತಿತ್ತು. ಒಳ್ಳೆಯ ಕಣ್ಣಿನವರು ಇಪ್ಪತ್ತು ವರ್ಷ ಇದನ್ನು ಗಮನಿಸದೆ ಓದಿಕೊಂಡು ಹೋಗಿದ್ದರು. ಸೋನುನ್‌ಗೆ ಈಗ ಅದೇ ಎಡವುಗಲ್ಲಾಯಿತು. ಫಾಂಟನ್ನೇ ಬಿಚ್ಚಿ ತಿದ್ದದೆ ಬೇರೆ ದಾರಿಯಿರಲಿಲ್ಲ.

ಬಿಷ್ಕೆಕ್‌ನಲ್ಲಿ ಚೋಲ್ಪೊನ್ ಎಂಬ ಹೆಂಗಸಿದ್ದಳು. ಪುಸ್ತಕಗಳಿಗೆ ಅಕ್ಷರ ಮಾಡುವವಳು, ಹಿಂದೊಮ್ಮೆ ಪತ್ರಿಕೆಯ ಹೆಸರಿನ ಫಲಕ ಬರೆದುಕೊಟ್ಟಿದ್ದಳು. ಸೋನುನ್ ಅವಳಿಗೆ ಫೋನ್ ಮಾಡಿ, ವಯಸ್ಸಾದ ಓದುಗರಿಗಾಗಿ ಎಂದು ಇನ್ನೊಂದು ಸುಳ್ಳು ಹೇಳಿದಳು.

"ಸುಲಭ ಎಜೆ" ಎಂದಳು ಚೋಲ್ಪೊನ್. ಅಕ್ಕ ಎಂದು ಕರೆಯುವ ಆ ದನಿಯಲ್ಲಿ ಅನುಮಾನವಿರಲಿಲ್ಲ. "ಪ್ರತಿ ಅಕ್ಷರಕ್ಕೂ ಎಡಗಡೆ ಎಷ್ಟು ಜಾಗ, ಬಲಗಡೆ ಎಷ್ಟು ಜಾಗ ಅಂತ ಎರಡು ಅಂಕಿ ಇರತ್ತೆ. ಫಾಂಟ್ ಬಿಚ್ಚೋ ಪ್ರೋಗ್ರಾಮ್ ಲಿಂಕ್ ಕಳಿಸ್ತೀನಿ. ನಿಮ್ಮ ಬಾಲದ ಅಕ್ಷರ ಇದ್ಯಲ್ಲ, ಅದನ್ನ ಸೇರಿಸಿದೋನು ಬಾಲದ ತುದಿಯಿಂದ ಜಾಗ ಅಳೆದಿದಾನೆ. ಅಳೀಬೇಕಾಗಿದ್ದು ಅಕ್ಷರದ ನೆಟ್ಟಗಿನ ಕಂಬದಿಂದ. ಕುದುರೆ ಉದ್ದ ಅಳೆಯೋವಾಗ ಬಾಲ ಸೇರಿಸ್ತಾರಾ?"

"ಅಂದ್ರೆ ಬಾಲ ಆಚೆ ಚಾಚಿಕೊಂಡೇ ಇರಲಿ ಅಂತೀಯಾ?"

"ಇರಲಿ ಬಿಡಿ. ಪಕ್ಕದೋರ ಕಾಲಡಿ ಹೋದ್ರೆ ಏನಾಗಲ್ಲ."

ಊಟದ ಹೊತ್ತಿನಲ್ಲಿ ಉಳಿದವರು ಬೀದಿಯಾಚೆಯ ಅಂಗಡಿಗೆ ಲಗ್ಮಾನ್ ಶಾವಿಗೆ ತಿನ್ನಲು ಹೋದಾಗ ಸೋನುನ್ ರೊಟ್ಟಿ ಕಚ್ಚುತ್ತ ಕೆಲಸಕ್ಕೆ ಕೂರುತ್ತಿದ್ದಳು. ಒಂದೊಂದೇ ಅಕ್ಷರವನ್ನು ಪರದೆ ತುಂಬ ಹಿಗ್ಗಿಸಿ, ಓರೆಯಾಗಿ ನೋಡಿ, ಅಂಕಿ ಬದಲಿಸಿ, ಮತ್ತೆ ನೋಡುವಳು. ತಾನು ತಿದ್ದಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ಬೇಕಾದ ಕಣ್ಣೇ ಅವಳಿಗಿರಲಿಲ್ಲ. ಆಗ ಕೈಗೆ ಬಂದದ್ದು ಹಳೆಯ ವಿದ್ಯೆ. ಮೊಳೆ ಜೋಡಿಸುವ ಕಾಲದಲ್ಲಿ ಅಕ್ಷರಗಳ ನಡುವೆ ತೆಳುವಾದ ಸೀಸದ ಬಿಲ್ಲೆ ಸಿಕ್ಕಿಸುತ್ತಿದ್ದರು. ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಎಷ್ಟು ದಪ್ಪದ ಬಿಲ್ಲೆ ಬೇಕೆಂದು ಅವಳ ಬೆರಳಿಗೆ ಗೊತ್ತಿತ್ತು. ಎರಡು ಕಂಬಗಳು ಎದುರಾದರೆ ದಪ್ಪದ್ದು, ಎರಡು ದುಂಡುಗಳು ಎದುರಾದರೆ ತೆಳುವಾದದ್ದು. ಬೆರಳಿನ ನೆನಪನ್ನು ಅಂಕಿಯಾಗಿ ಬರೆಯತೊಡಗಿದಳು.

ಮೂರು ವಾರವಾದರೂ ಮುದ್ದೆಗಳು ಪೂರ್ತಿ ಹೋಗಲಿಲ್ಲ. ಎಲ್ಲ ಅಕ್ಷರಗಳನ್ನು ಅಗಲಿಸಿದ್ದರೂ ಕೆಲವು ಮಾತ್ರ ಹಟಹಿಡಿದು ಒಂದಕ್ಕೊಂದು ಅಪ್ಪಿಕೊಂಡಿದ್ದವು. ಮೇಲೆ ಚಪ್ಪರವಿರುವ ಅಕ್ಷರ ಬಂತೆಂದರೆ ಸಾಕು, ಪಕ್ಕದ ದುಂಡಕ್ಷರ ಅದರಡಿ ಹೋಗಿ ಅವಿತುಕೊಳ್ಳುತ್ತಿತ್ತು. ಅಂಕಿ ಎಷ್ಟು ಹೆಚ್ಚಿಸಿದರೂ ಅಷ್ಟೇ. ಆ ವಾರ ಅವಳು ಎರಡು ಹೆಸರುಗಳನ್ನು ತಪ್ಪು ಬಿಟ್ಟಿದ್ದಳು. ಎಸೆನ್‌ಗುಲ್ ಈ ಸಲ ತಮಾಷೆ ಮಾಡದೆ ಅವಳನ್ನೇ ನೋಡುತ್ತ ನಿಂತಿದ್ದ. ನಿಂತದ್ದು ಗೊತ್ತಾಯಿತು, ಮುಖ ಹೇಗಿತ್ತೆಂದು ಕಾಣಲಿಲ್ಲ. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಆಮೇಲೆ ಚೋಲ್ಪೊನ್‌ಗೆ ಫೋನ್ ಮಾಡಿದಳು.

"ಅಯ್ಯೋ, ಹೇಳೋದೇ ಮರೆತೆ ಎಜೆ. ಜೋಡಿಗಳ ಪಟ್ಟಿ ಅಂತ ಬೇರೇನೇ ಇರತ್ತೆ. ಈ ಅಕ್ಷರದ ಪಕ್ಕ ಈ ಅಕ್ಷರ ಬಂದ್ರೆ ಇಷ್ಟು ಒಳಗೆ ಎಳಿ ಅಂತ. ಫಾಂಟ್ ಮಾಡಿದೋರು ಚಂದಕ್ಕೆ ಅಂತ ಹಾಕಿರ್ತಾರೆ. ಅದನ್ನ ತೆಗೀರಿ. ಆಮೇಲೆ ಮಾತು ಮಾತಿನ ನಡುವಿನ ಖಾಲಿ ಜಾಗಾನೂ ಅಗಲ ಮಾಡಿದೀರಿ ತಾನೆ? ಇಲ್ದಿದ್ರೆ ಇಡೀ ಸಾಲು ಒಂದೇ ಮಾತಿನ ಥರ ಕಾಣತ್ತೆ." ಫೋನ್ ಇಡುವ ಮೊದಲು ಮತ್ತೆ ಹೇಳಿದಳು. "ಎಜೆ, ಇನ್ನೊಂದು ವಿಷ್ಯ. ಫಾಂಟ್‌ಗೆ ಬೇರೆ ಹೆಸರಿಡಿ. ಹಳೇ ಹೆಸರಲ್ಲೇ ಉಳಿಸಿದ್ರೆ ಎರಡೂ ಕಲಸಿಹೋಗತ್ತೆ."

"ಆಯ್ತು" ಎಂದಳು ಸೋನುನ್. ಹೆಸರು ಬದಲಿಸಲಿಲ್ಲ. ಹೊಸ ಹೆಸರಿಟ್ಟರೆ ವರದಿಗಾರರು ಕಳಿಸುವ ಪ್ರತಿಯೊಂದು ಬರಹವನ್ನೂ ಕಣ್ಣು ಕಿರಿದು ಮಾಡಿಕೊಂಡು ಹೊಸ ಫಾಂಟಿಗೆ ತಿರುಗಿಸಬೇಕು. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಇದೇನೆಂದು ಕೇಳುತ್ತಾರೆ. ಹಳೆಯ ಹೆಸರಲ್ಲೇ ಇದ್ದರೆ ಎಲ್ಲವೂ ತಾನಾಗಿ ಅಗಲವಾಗಿ ತೆರೆದುಕೊಳ್ಳುತ್ತದೆ. ಗುರುವಾರ ಸಂಜೆ ಪುಟಗಳು ಅಚ್ಚಿಗೆ ಹೋಗುವ ಮೊದಲು ಮೂಲ ಫಾಂಟನ್ನು ಹಾಕಿ ತನ್ನದನ್ನು ತೆಗೆದಿಟ್ಟರಾಯಿತು ಎಂದುಕೊಂಡಳು.

ಮೇ ತಿಂಗಳಿಡೀ, ಜೂನ್ ತಿಂಗಳ ಮೂರು ವಾರ, ಹಾಗೆಯೇ ನಡೆಯಿತು. ಜೋಡಿಗಳ ಪಟ್ಟಿ ಅಳಿಸಿದ ದಿನ ಅವಳ ಪರದೆಯ ಮೇಲೆ ಅಕ್ಷರಗಳು ಕೊನೆಗೂ ಒಂದೊಂದಾಗಿ ನಿಂತವು. ಒಂದು ಸಲಕ್ಕೆ ಐದಾರು ಅಕ್ಷರ ಕಾಣುತ್ತಿತ್ತು, ನಿಧಾನ, ಆದರೆ ತಪ್ಪಿರಲಿಲ್ಲ. ಎಸೆನ್‌ಗುಲ್ ಸುಮ್ಮನಾದ. ಅವಳು ಮನೆಯಲ್ಲಿ ಕುಬಾತ್‌ಗೆ ಗದರಿಸುವುದು ಕಡಿಮೆಯಾಯಿತು.

ನಾಲ್ಕನೆಯ ಗುರುವಾರ ಸಂಜೆ ಅಚ್ಚಿನ ಮನೆಯವರು ಅವಸರ ಮಾಡಿದರು, ಕರೆಂಟು ಹೋಗುವುದೆಂದು ಸುದ್ದಿಯಿತ್ತು. ಸೋನುನ್ ಪುಟಗಳನ್ನು ಕಳಿಸಿ ಮನೆಗೆ ಹೋದಳು. ಫಾಂಟ್ ಬದಲಿಸಲು ಮರೆತಿದ್ದಳು.

ಮರುದಿನ ಪತ್ರಿಕೆ ನೋಡಿದವರಿಗೆ ಏನೋ ಬಿಡಿಬಿಡಿಯಾಗಿದೆ ಅನ್ನಿಸಿತಷ್ಟೆ. ಆದರೆ ಅಗಲವಾದ ಅಕ್ಷರಗಳು ಸಾಲುಗಳನ್ನು ಕೆಳಕ್ಕೆ ತಳ್ಳಿದ್ದವು. ಚೌಕಟ್ಟಿನೊಳಗಿದ್ದ ಪ್ರತಿ ಬರಹದ ತುದಿಯೂ ಅಂಚಿನಾಚೆ ಹೋಗಿ ಮಾಯವಾಗಿತ್ತು. ಸುದ್ದಿಗಳ ಮಟ್ಟಿಗೆ ಅದರಿಂದ ಯಾರ ಗಂಟೂ ಹೋಗಲಿಲ್ಲ. ಮೂರನೆಯ ಪುಟದ ಒಂದು ಚೌಕಟ್ಟಿನಲ್ಲಿ ಮಾತ್ರ ತುರ್ದಾಕುನ್ ಎಂಬ ಹಳೆಯ ಶಾಲಾಮಾಸ್ತರರ ನಲವತ್ತನೆಯ ದಿನದ ಊಟದ ಪ್ರಕಟಣೆ ಇತ್ತು. ಹಿಂದಿನ ವಾರದ ಪತ್ರಿಕೆಯಲ್ಲಿ ಊಟ ಜುಲೈ ತಿಂಗಳ ಮೊದಲ ಶನಿವಾರ ಎಂದು ಅಚ್ಚಾಗಿತ್ತು. ಮುಲ್ಲಾ ಅಂದು ಬೇರೆ ಊರಿಗೆ ಹೋಗಬೇಕಾಗಿದ್ದರಿಂದ ಮನೆಯವರು ಒಂದು ದಿನ ಮುಂಚೆಗೆ, ಶುಕ್ರವಾರಕ್ಕೆ, ಬದಲಿಸಿದ್ದರು. ಮಾಸ್ತರರ ಬದುಕಿನ ಬಗ್ಗೆ ಎಂಟು ಸಾಲು, ಕೊನೆಯ ಒಂಬತ್ತನೆಯ ಸಾಲಿನಲ್ಲಿ ಹೊಸ ದಿನ. ಆ ಸಾಲು ಅಚ್ಚಾಗಲಿಲ್ಲ.

ಊರಿನವರಿಗೆ ಫೋನಿನಲ್ಲಿ ವಿಷಯ ತಿಳಿದಿತ್ತು. ಮೇಲಿನ ಹುಲ್ಲುಗಾವಲಿನಲ್ಲಿ ಕುದುರೆ ಹಿಂಡಿನ ಜೊತೆ ಇದ್ದವರಿಗೆ ಫೋನ್ ಸಿಗುವುದಿಲ್ಲ, ಅವರಿಗೆ ಹೋಗುವುದು ಪತ್ರಿಕೆಯೊಂದೇ. ಮಾಸ್ತರರ ಬಾಲ್ಯದ ಗೆಳೆಯ ಕಾದಿರ್, ಎಂಬತ್ತೊಂದು ವರ್ಷದ ಮುದುಕ, ಮಣ್ಣಿಗೂ ಬರಲಾಗಿರಲಿಲ್ಲ. ಅವನು ಮುಂದಿನ ವಾರ, ಶನಿವಾರವೇ ಬಂದ. ಸತ್ತವರ ಮನೆಗೆ ಮೊದಲ ಸಲ ಬರುವ ಗಂಡಸು ದೂರದಿಂದಲೇ ದನಿ ಎತ್ತಿ ಅಳುತ್ತ ಬರಬೇಕು, ಒಳಗಿದ್ದವರು ಎದ್ದು ಬಂದು ತೋಳು ಹಿಡಿದು ಇಳಿಸಿಕೊಳ್ಳಬೇಕು. ಕಾದಿರ್ ಬೀದಿಯ ತಿರುವಿನಿಂದಲೇ ಗೆಳೆಯನ ಹೆಸರು ಕೂಗಿ ಅಳುತ್ತ ಕುದುರೆಯ ಮೇಲೆ ಬಂದ. ಅಂಗಳದಲ್ಲಿ ತೊಳೆದು ಬೋರಲು ಹಾಕಿದ ಕಡಾಯಿಗಳಿದ್ದವು. ನಾಯಿ ಬೊಗಳಿತು. ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮುದುಕ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ, ಕುದುರೆಯಿಂದ ಇಳಿಯದೆ, ಏನನ್ನೂ ತಿನ್ನದೆ ತಿರುಗಿ ಹೋದ.

ಸೋಮವಾರ ಮಾಸ್ತರರ ಹೆಂಡತಿ ಬೂಬೂಸಾರಾ ಪತ್ರಿಕೆ ಹಿಡಿದು ಕಚೇರಿಗೆ ಬಂದಳು. ಕೂಗಾಡಲಿಲ್ಲ. "ನಾನು ಬರೆದುಕೊಟ್ಟ ಕೊನೇ ಸಾಲು ಎಲ್ಲೋಯ್ತಪ್ಪ?" ಎಂದು ಎಸೆನ್‌ಗುಲ್‌ನನ್ನು ಕೇಳಿ, ನಡೆದದ್ದನ್ನೆಲ್ಲ ಹೇಳಿದಳು.

ಎಸೆನ್‌ಗುಲ್ ಕತ್ತು ಕೆರೆದುಕೊಂಡ, ಹಿರಿಯ ಹೆಂಗಸೆಂದು ಅಪಾ ಎಂದೇ ಕರೆದ. "ಕಂಪ್ಯೂಟರ್ ಕೈಕೊಟ್ಟಿದೆ ಅಪಾ. ಯಂತ್ರ ಅಲ್ವಾ, ಏನು ಮಾಡೋದು."

ಕಿಟಕಿಯ ಪಕ್ಕ ಕೂತಿದ್ದ ಸೋನುನ್ ಆ ಕ್ಷಣ ಸುಮ್ಮನಿದ್ದುಬಿಡಬಹುದಾಗಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಎದ್ದು ನಿಂತಳು, ಮೇಜಿನಂಚನ್ನು ಹಿಡಿದುಕೊಂಡಳು.

"ಯಂತ್ರ ಅಲ್ಲ ಅಪಾ, ನಾನು. ನನಗೆ ಕಣ್ಣು ಕಾಣ್ಸಲ್ಲ. ಓದೋದಕ್ಕೆ ಅಂತ ಅಕ್ಷರಗಳನ್ನ ದೂರ ದೂರ ಮಾಡ್ಕೊಂಡಿದ್ದೆ. ವಾಪಸ್ ಹಾಕೋದು ಮರೆತೆ. ನಿಮ್ಮ ಸಾಲು ಹೊರಗೆ ಬಿದ್ದೋಯ್ತು."

 ಎಸೆನ್‌ಗುಲ್ ಅವಳ ಕಡೆ ತಿರುಗಿದ. "ಎಷ್ಟು ದಿನದಿಂದ?"

"ಹೋದ ವರ್ಷದ ಹಿಂದಿನ ಚಳಿಗಾಲದಿಂದ."

"ಕಣ್ಣು ಕಾಣದೋಳ ಕೈಲಿ ಪೇಪರ್ ಕೊಟ್ಟು ನಾನು ಕೂತಿದ್ದೀನಿ" ಎಂದ ಅವನು, ಯಾರಿಗೆಂದಿಲ್ಲದೆ. "ನನಗೆ ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿಂಗೆ?"

"ಹೇಳಿದ್ರೆ ಮನೆಗೆ ಕಳಿಸ್ತಿದ್ರಿ ಬೈಕೆ."

"ಈಗ ಇಟ್ಕೋತೀನಿ ಅಂದ್ಕೊಂಡ್ಯಾ?"

ಬೂಬೂಸಾರಾ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಸೋನುನ್‌ಳ ಹತ್ತಿರ ಬಂದು ಮುಖವನ್ನೇ ದಿಟ್ಟಿಸಿದಳು. "ಕಾದಿರ್‌ಗೆ ಅಂತ ತೆಗೆದಿಟ್ಟ ಬೇಯಿಸಿದ ಮಾಂಸದ ಪಾಲು ಮನೇಲಿ ಹಾಗೇ ಇದೆ. ಉಪ್ಪು ಹಚ್ಚಿ ತೂಗುಹಾಕಿದ್ದೀನಿ. ನೀನೇ ತಗೊಂಡೋಗಿ ಅವನ ಕೈಗೆ ಕೊಡು. ಏನಾಯ್ತು ಅಂತ ನಿನ್ನ ಬಾಯಲ್ಲೇ ಹೇಳು. ನನ್ನ ಮನೇಲಿ ಅವನಿಗೆ ಮರ್ಯಾದೆ ಇಲ್ಲ ಅಂದ್ಕೊಂಡು ಕೂತಿರ್ತಾನೆ ಆ ಮುದುಕ."

ಮರುದಿನ ಕುಬಾತ್ ತನ್ನ ಹಳೆಯ ಜೀಪಿನಲ್ಲಿ ಅವಳನ್ನು ಕರೆದುಕೊಂಡು ಹೊರಟ. ಕಣಿವೆ ದಾಟಿ ಮೇಲೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಯಿತು. ದಾರಿಯುದ್ದಕ್ಕೂ ಸೋನುನ್ ಬಟ್ಟೆಯಲ್ಲಿ ಸುತ್ತಿದ ಮಾಂಸವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. "ಬೈದ್ರೆ ಬೈಸ್ಕೊ, ಎದುರು ಮಾತಾಡ್ಬೇಡ" ಎಂದ ಕುಬಾತ್. "ನಾನೇನು ಮಗುನಾ" ಎಂದಳು.

ಕಾದಿರ್ ಗುಡಾರದ ಮುಂದೆ ಕುದುರೆಯ ಲಗಾಮು ಹೊಲಿಯುತ್ತ ಕೂತಿದ್ದ. ಸೋನುನ್ ಮಾಂಸದ ಗಂಟನ್ನು ಅವನ ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಒಳಗೆ ಹೋಗಿ ಮಡಚಿದ ಪತ್ರಿಕೆಯೊಂದನ್ನು ತಂದು ಅವಳ ಕೈಗೆ ಕೊಟ್ಟ.

"ಓದು."

"ಅತಾ, ಹೇಳಿದ್ನಲ್ಲ, ನನಗೆ..." ಎಂದಳು, ಅಜ್ಜ ಎಂದು ಕರೆಯುವ ಹಾಗೆ.

"ಓದು ಅಂದೆ."

ಅವಳು ಕತ್ತು ಓರೆ ಮಾಡಿದಳು. ಬಿಸಿಲು ಹಾಳೆಯ ಮೇಲೆ ಬಿದ್ದಿತ್ತು. ಹತ್ತಿರ ಹಿಡಿದಾಗ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ತಾನು ಸರಿಸಿದ ಅಕ್ಷರಗಳು, ತಾನು ಅಳೆದ ಜಾಗ. ಇಡೀ ಪತ್ರಿಕೆ ಅವಳ ಫಾಂಟಿನಲ್ಲೇ ಅಚ್ಚಾಗಿತ್ತಲ್ಲ. ಒಂದೂವರೆ ವರ್ಷದಿಂದ ಅವಳು ಕಾಗದದ ಮೇಲಿನ ಒಂದು ಸಾಲನ್ನೂ ಓದಿರಲಿಲ್ಲ. ತುರ್ದಾಕುನ್ ಮಾಸ್ತರರು ಹುಟ್ಟಿದ ವರ್ಷ, ಓದಿಸಿದ ಹಳ್ಳಿಗಳು, ಚಳಿಗಾಲದಲ್ಲಿ ಮಕ್ಕಳನ್ನು ಹೊಳೆ ದಾಟಿಸಿದ್ದು, ಎಲ್ಲವನ್ನೂ ನಿಧಾನವಾಗಿ, ತಡವರಿಸದೆ ಓದಿದಳು.  ಎಂಟನೆಯ ಸಾಲಿಗೆ ಬಂದು ನಿಂತಳು.

"ಮುಂದೆ?" ಎಂದ ಮುದುಕ.

"ಮುಂದೆ 'ಊಟ ಶುಕ್ರವಾರ ಮಧ್ಯಾಹ್ನ, ಶನಿವಾರವಲ್ಲ' ಅಂತಿತ್ತು. ಅದು ಇಲ್ಲ."

ಅವನು ಪತ್ರಿಕೆಯನ್ನು ವಾಪಸ್ ತೆಗೆದುಕೊಂಡು ಮಡಚಿದ. "ನನ್ನ ಕಣ್ಣೂ ಅಷ್ಟಕ್ಕಷ್ಟೇ" ಎಂದ. "ಪ್ರತಿ ವಾರ ಪೇಪರ್ ತರೋ ಡ್ರೈವರ್ ಕೈಲೇ ಓದಿಸ್ಕೋತಿದ್ದೆ. ಓದ್ತಾ ಊರಿನ ಮಾತೂ ಹೇಳೋನು. ಆ ವಾರ ಪೇಪರ್ ಕೈಗೆ ತಗೊಂಡ್ರೆ ಅಕ್ಷರಗಳು ನೆಟ್ಟಗೆ ಕಂಡ್ವು. ಖುಷಿಯಾಯ್ತು. ನೀನು ಹೋಗಪ್ಪ, ನಾನೇ ಓದ್ಕೋತೀನಿ ಅಂತ ಅವನನ್ನ ಕಳಿಸಿಬಿಟ್ಟೆ. ಕೇಳಿದ್ರೆ ಅವನು ಹೇಳ್ತಿದ್ದ, ಊಟ ಶುಕ್ರವಾರ ಅಂತ."

ಸೋನುನ್‌ಗೆ ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಅವಳ ಫಾಂಟಿನಲ್ಲಿ ತಪ್ಪಿರಲಿಲ್ಲ. ಅದು ಚೆನ್ನಾಗಿ ಬಂದದ್ದರಿಂದಲೇ ಮುದುಕ ಗೆಳೆಯನ ಅಂಗಳದಲ್ಲಿ ಒಬ್ಬನೇ ಅತ್ತು ಹಿಂತಿರುಗಿದ್ದ.  ಕಾದಿರ್ ಗಂಟು ಬಿಚ್ಚಿ, ಚಾಕು ತೆಗೆದು, ಮಾಂಸವನ್ನು ಕೊಯ್ದು ಒಂದು ತುಂಡನ್ನು ಅವಳ ಅಂಗೈಯಲ್ಲಿಟ್ಟ. ಕುಬಾತ್‌ಗೂ ಕೊಟ್ಟ. ತಾನೂ ತಿಂದ. ಮೂವರೂ ಸತ್ತವನಿಗಾಗಿ ಅಂಗೈ ತೆರೆದು ಪ್ರಾರ್ಥಿಸಿ ಮುಖ ಸವರಿಕೊಂಡರು. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಹೊರಡುವಾಗ ಕುಬಾತ್‌ಗೆ ಹೇಳಿದ, "ಇಳಿಜಾರಲ್ಲಿ ನಿಧಾನ ಹೋಗು."

ಎಸೆನ್‌ಗುಲ್ ಅವಳನ್ನು ಆ ವಾರವೇ ಪುಟಗಳಿಂದ ತೆಗೆದ. ಪೂರ್ತಿ ಮನೆಗೆ ಕಳಿಸಲಿಲ್ಲ, ಫೋನಿನ ಪಕ್ಕ ಕೂರಿಸಿ ಪ್ರಕಟಣೆಗಳನ್ನು ಕೇಳಿಸಿಕೊಳ್ಳುವ ಕೆಲಸ ಕೊಟ್ಟ. ಅವಳು ಹೇಳಿದ್ದನ್ನು ಅಕೌಂಟ್ಸ್ ನೋಡುವವಳು ಬರೆದುಕೊಳ್ಳುತ್ತಿದ್ದಳು. ಮೂರು ತಿಂಗಳು ಅವನು ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮೂವತ್ತೈದು ವರ್ಷ ತನ್ನದಾಗಿದ್ದ ಕಿಟಕಿಯ ಪಕ್ಕದಲ್ಲಿ ಬೇರೆಯವರು ಕೂತಿರುವುದು ಸೋನುನ್‌ಗೆ ಕಣ್ಣಂಚಿನಿಂದ ಚೆನ್ನಾಗಿ ಕಾಣುತ್ತಿತ್ತು. ಆ ಬೇಸಗೆ ಅವಳು ಮನೆಯಲ್ಲಿ ಯಾರೊಂದಿಗೂ ಸೇರಲಿಲ್ಲ. ಹಿಟ್ಟು ನಾದುತ್ತ ನಿಂತವಳು ಹಾಗೇ ನಿಂತುಬಿಡುತ್ತಿದ್ದಳು. ಒಂದು ದಿನ ಕುಬಾತ್ ಬಂದು ಅವಳ ಕೈಯಿಂದ ಹಿಟ್ಟು ಬಿಡಿಸಿ ಕೈ ತೊಳೆಸಿದ.

ಚಳಿಗಾಲಕ್ಕೆ ಮೊದಲು ಚೋಲ್ಪೊನ್‌ಗೆ ಫೋನ್ ಮಾಡಿ ನಿಜ ಹೇಳಿದಳು. "ಮೊದಲೇ ಹೇಳಿದ್ರೆ ನಾನೇ ಕೂತು ಮಾಡಿಕೊಡ್ತಿದ್ದೆ ಎಜೆ" ಎಂದಳು ಚೋಲ್ಪೊನ್. ಅವಳೇ ಫಾಂಟಿಗೆ ಬೇರೆ ಹೆಸರು ಹಾಕಿ, ಅಂಕಿಗಳನ್ನು ಒಪ್ಪ ಮಾಡಿ ಕಳಿಸಿದಳು. "ಹೆಚ್ಚೇನೂ ತಿದ್ದಿಲ್ಲ, ನೀವು ಹಾಕಿದ ಜಾಗ ಸರಿಯಾಗಿಯೇ ಇತ್ತು" ಎಂದಳು.

ಅದರಿಂದ ಸೋನುನ್‌ಗೆ ಓದಲು ಇನ್ನೂ ಎರಡು ಚಳಿಗಾಲ ಸಿಕ್ಕವು. ಮನೆಯ ಕಂಪ್ಯೂಟರಿನಲ್ಲಿ ಒಂದು ಸಲಕ್ಕೆ ಐದು ಅಕ್ಷರ, ಆಮೇಲೆ ನಾಲ್ಕು, ಆಮೇಲೆ ಮೂರು ಓದಿದಳು. ಕಾಣುವುದು ಕಡಿಮೆಯಾದಂತೆ ಅಂಕಿ ಹೆಚ್ಚಿಸುತ್ತ ಹೋದಳು. ಕೊನೆಗೊಂದು ದಿನ ಅಕ್ಷರಗಳು ಎಷ್ಟು ದೂರವಾದವೆಂದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿತ್ತು. ಅಂದು ಅವಳು ಪ್ರೋಗ್ರಾಮನ್ನು ಮುಚ್ಚಿ, ಕಂಪ್ಯೂಟರಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿದಳು.

ಈಗ ಶುಕ್ರವಾರ ಚಹಾದ ಹೊತ್ತಿಗೆ ಕುಬಾತ್ ಪತ್ರಿಕೆ ಓದಿ ಹೇಳುತ್ತಾನೆ. ಅವನು ಓದುವುದು ಕೆಟ್ಟದಾಗಿ, ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ, ಕುಸ್ತಿಯ ಸುದ್ದಿ ಬಂದರೆ ಉಳಿದದ್ದನ್ನು ಹಾರಿಸುತ್ತಾನೆ. ಸೋನುನ್ ಬಟ್ಟಲು ಹಿಡಿದು ಕೇಳುತ್ತಾಳೆ. "ಅಲ್ಲಿ ಅಲ್ಪವಿರಾಮ ಇರ್ಬೇಕು ನೋಡು" ಎನ್ನುತ್ತಾಳೆ.

ಕುಬಾತ್ ಹಾಳೆಯನ್ನು ಕಣ್ಣ ಹತ್ತಿರ ತಂದುಕೊಳ್ಳುತ್ತಾನೆ. "ಇಲ್ಲ ಕಣೆ, ಹಾಕಿಲ್ಲ ಅವರು."

"ಹಾಕ್ಬೇಕಿತ್ತು" ಎನ್ನುತ್ತಾಳೆ ಅವಳು, ಇನ್ನೊಂದು ಬಟ್ಟಲು ಚಹಾಕ್ಕೆ ಕೈ ಚಾಚುತ್ತ.